ಮನೆವಾರ್ತೆಯ ಲೆಕ್ಕ

ಮಿತವ್ಯಯವನ್ನು ಕುರಿತು ಮಾತನಾಡಲು ಎರಡು ತೆರದ ಜನರಿಗೆ ಅಧಿಕಾರವುಂಟು. ಹಾಸಿಗೆಯಿದ್ದಷ್ಟೇ ಕಾಲು ಚಾಚಿ ಬಾಳಿದವರು ಒಂದು ತೆರ. ಕಾಲನ್ನು ಹಾಸಿಗೆಯ ಹೊರಕ್ಕೆ ಚಾಚಿ ರಾತ್ರಿಯೆಲ್ಲಾ ಚಳಿಯನ್ನು ಅನುಭವಿಸಿದವರು ಇನ್ನೊಂದು ತೆರ. ನಾನು ಎರಡನೆಯ ಪಂಗಡಕ್ಕೆ ಸೇರಿದವನು. ಆದುದರಿಂದ ಈ ಬರಹದಲ್ಲಿ ಉಪದೇಶವು ಕಡಮೆ, ತಪ್ಪೊಪ್ಪಿಗೆಯು ಹೆಚ್ಚು ಎಂಬುದನ್ನು ವಾಚಕರಲ್ಲಿ ಮೊದಲೇ ಅರಿಕೆಮಾಡಿಕೊಳ್ಳುತ್ತೇನೆ.

ನಮ್ಮದು ಹಾಸನದ ಹಳೆಯ ಬೀದಿಯೊಂದರಲ್ಲಿರುವ ಹೆಂಚಿನ ಮನೆ. ಆ ಮನೆಯೊಳಗೆ ಹದಿಮೂರು ಮಂದಿ. ಎಂಬತ್ತನ್ನು ಸಮೀಪಿಸಿರುವ ನಮ್ಮ ತಾಯಿ, ಎಳೆಯ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ ಸೋದರತ್ತೆ, ನಾವು ಅಣ್ಣತಮ್ಮಂದಿರು ಮೂವರು, ನಮ್ಮ ಹೆಂಡಿರು ಮೂವರು, ಮಕ್ಕಳು ಐವರು. ನಾನು ಪ್ರೌಢಶಾಲೆಯ ಉಪಾಧ್ಯಾಯನು. ಎರಡನೆಯವನು ಒಂದು ಖಾಸಗಿ ಕಚೇರಿಯಲ್ಲಿ ಲೆಕ್ಕಿಗನು. ಕಿರಿಯವನದು ಒಂದು ಸಣ್ಣ ಅಂಗಡಿ. ಮೂವರ ಸಂಪಾದನೆಯನ್ನೂ ಸೇರಿಸಿದರೆ ತಿಂಗಳಿಗೆ ೧,೩೮,೦೦೦ ರೂಪಾಯಿ. ಈ ಮೊತ್ತವನ್ನು ಕೇಳಿದವರು ‘ನಿಮಗೇನು ಕೊರತೆ?’ ಎನ್ನುವರು. ನಾನೂ ಹಾಗೆಯೇ ಎಂದುಕೊಂಡಿದ್ದೆನು. ಆದರೆ ತಿಂಗಳ ೨೨ನೆಯ ತಾರೀಖು ಬಂದಿತೆಂದರೆ ಮನೆಯಲ್ಲಿ ಕೈ ಬರಿದಾಗುತ್ತಿದ್ದಿತು. ಉಳಿದ ದಿನಗಳನ್ನು ಒಂದು ತಿಂಗಳು ತಮ್ಮನ ಕ್ರೆಡಿಟ್ ಕಾರ್ಡು, ಒಂದು ತಿಂಗಳು ಯಾವಳಾದರೊಬ್ಬ ಸೊಸೆಯ ಬಳೆ, ಮತ್ತೊಂದು ತಿಂಗಳು ಸ್ನೇಹಿತರಿಂದ ತಂದ ಕೈಗಡ ದಾಟಿಸುತ್ತಿದ್ದುವು. ಮನೆಗೆ ಬಂದವರನ್ನು ಎಲೆ ಹಾಕದೆ ಕಳುಹಿಸಿದ ವಂಶವಲ್ಲ ನಮ್ಮದು. ಕೈ ಬರಿದೆಂದು ಬೀದಿಯವರಿಗೆ ತಿಳಿಯಕೂಡದು. ತಿಳಿಯದಂತೆ ನೋಡಿಕೊಳ್ಳುವ ಜಾಣತನವನ್ನು ನಾವೆಲ್ಲರೂ ಚೆನ್ನಾಗಿಯೇ ಕಲಿತಿದ್ದೆವು.

೨೦೨೪ರ ಯುಗಾದಿಯ ದಿನ ಬೇವುಬೆಲ್ಲವನ್ನು ತಿಂದು, ಕ್ರೋಧಿ ಸಂವತ್ಸರದ ಪಂಚಾಂಗಶ್ರವಣವಾದ ಬಳಿಕ, ನಾನು ಒಂದು ಸಂಕಲ್ಪವನ್ನು ಮಾಡಿದೆನು: ಇನ್ನು ಮೇಲೆ ಮನೆಯ ಖರ್ಚಿಗೆ ಲೆಕ್ಕವಿಡತಕ್ಕದ್ದು, ಸಾಧ್ಯವಾದ ಕಡೆಯಲ್ಲೆಲ್ಲಾ ಕಡಿಮೆ ಮಾಡತಕ್ಕದ್ದು. ಮನೆಗೆ ಹಿರಿಯ ಮಗನಾದುದರಿಂದ ಈ ಅಧಿಕಾರ ನನ್ನದೆಂಬುದರಲ್ಲಿ ನನಗೆ ಸಂದೇಹವಿರಲಿಲ್ಲ. ದಪ್ಪ ರಟ್ಟಿನ ಒಂದು ಪುಸ್ತಕವನ್ನು ತಂದು, ಮೊದಲ ಪುಟಕ್ಕೆ ಅರಿಸಿನ ಕುಂಕುಮವಿಟ್ಟು, ‘ಶ್ರೀ’ ಎಂದು ಬರೆದು, ಅದನ್ನು ಅಡುಗೆಮನೆಯ ಗೂಡಿನಲ್ಲಿಟ್ಟೆನು. ಯಾರು ಏನು ತಂದರೂ ಅದರಲ್ಲಿ ಬರೆಯಬೇಕೆಂದು ಹೆಂಗಸರಿಗೆ ಹೇಳಿದೆನು. ಪುಸ್ತಕವನ್ನು ಅಡುಗೆಮನೆಯಲ್ಲಿಯೇ ಏಕೆ ಇಟ್ಟೆನೆಂಬ ಪ್ರಶ್ನೆ ಆಗ ನನಗೆ ಹೊಳೆಯಲಿಲ್ಲ. ಖರ್ಚು ಹುಟ್ಟುವುದು ಅಡುಗೆಮನೆಯಲ್ಲಿಯೇ ಎಂದು ನಾನು ನಿಶ್ಚಯಿಸಿಬಿಟ್ಟಿದ್ದೆನು.

ಮೊದಲ ತಿಂಗಳ ಲೆಕ್ಕ ಮುಗಿದಾಗ ಒಟ್ಟು ೧,೨೧,೦೦೦ ರೂಪಾಯಿ ಆಗಿದ್ದಿತು. ಸಂಪಾದನೆಯಲ್ಲಿ ಇದನ್ನು ಕಳೆದರೆ ೧೭,೦೦೦ ಉಳಿಯಬೇಕು; ಆದರೆ ವಸ್ತುತಃ ೧೯,೦೦೦ ಸಾಲವಾಗಿದ್ದಿತು. ಲೆಕ್ಕಕ್ಕೂ ಕೈಗೂ ಇದ್ದ ಈ ೩೬,೦೦೦ ರೂಪಾಯಿಗಳ ಅಂತರವು ನನ್ನನ್ನು ಬೆರಗುಗೊಳಿಸಿತು. ನಾನು ಗಣಿತವನ್ನು ಬೋಧಿಸುವವನು. ಕೂಡುವುದರಲ್ಲಿ ತಪ್ಪಿಲ್ಲವೆಂಬುದನ್ನು ಮೂರು ಸಲ ನೋಡಿಕೊಂಡು, ಹೆಂಗಸರು ಬರೆಯುವುದನ್ನು ಮರೆಯುತ್ತಾರೆ ಎಂಬ ತೀರ್ಮಾನಕ್ಕೆ ಬಂದೆನು.

ಅಲ್ಲಿಂದ ಮುಂದೆ ಅಡುಗೆಮನೆಯ ಮೇಲೆ ನನ್ನ ದಂಡಯಾತ್ರೆ ಮೊದಲಾಯಿತು. ದಿನಕ್ಕೆ ಐದು ಲೀಟರಿದ್ದ ಹಾಲು ಮೂರೂವರೆಗೆ ಇಳಿಯಿತು. ಕಾಫಿಪುಡಿಗೆ ಚಿಕರಿ ಹೆಚ್ಚಿತು. ತರಕಾರಿಯನ್ನು ಬೀದಿಯ ಗಾಡಿಯಲ್ಲಿ ಕೊಳ್ಳದೆ ವಾರದ ಸಂತೆಯಿಂದ ತರುವ ಏರ್ಪಾಡಾಯಿತು. ಒಗ್ಗರಣೆಯ ಎಣ್ಣೆಗೆ ಒಂದು ಅಳತೆಯ ಸೌಟು ಬಂದಿತು. ಬಚ್ಚಲಿನ ಗೀಸರನ್ನು ನಿಲ್ಲಿಸಿದೆನು. ಎರಡು ಸಾವಿರ ವಾಟಿನ ಗೀಸರು ಅರ್ಧ ಗಂಟೆ ಉರಿದರೆ ಒಂದು ಯೂನಿಟ್ಟು. ಹದಿಮೂರು ಮಂದಿಯ ಸ್ನಾನವೆಂದರೆ ಸಾಮಾನ್ಯವೇ? ೨೦೨೩ರಲ್ಲಿ ಸರಕಾರವು ಗೃಹಜ್ಯೋತಿ ಯೋಜನೆಯನ್ನು ತಂದಾಗ ನಮ್ಮ ಮನೆಯ ಸರಾಸರಿಯು ಇನ್ನೂರು ಯೂನಿಟ್ಟನ್ನು ಮೀರಿದ್ದುದರಿಂದ ಆ ಭಾಗ್ಯವು ನಮ್ಮ ಪಾಲಿಗೆ ಬಂದಿರಲಿಲ್ಲ. ಅಟ್ಟದ ಮೇಲಿದ್ದ ತಾಮ್ರದ ಹಂಡೆಯನ್ನು ಇಳಿಸಿ, ಹುಣಿಸೆಹಣ್ಣಿನಲ್ಲಿ ಬೆಳಗಿಸಿ, ಒಲೆಯ ಮೇಲೆ ಕೂರಿಸಿದ್ದಾಯಿತು. ಚನ್ನರಾಯಪಟ್ಟಣದ ಕಡೆಯ ನಮ್ಮ ಹಳ್ಳಿಯ ತೋಟದಿಂದ ತೆಂಗಿನ ಮಟ್ಟೆಯೂ ಕರಟವೂ ಬಂದುವು.

ತಿಂಗಳ ಕೊನೆಯಲ್ಲಿ ಪ್ರತಿಯೊಂದು ಬಾಬಿನ ಮೊತ್ತವನ್ನೂ ಒಂದು ಹಾಳೆಯ ಮೇಲೆ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸುವುದು ನನ್ನ ಪದ್ಧತಿಯಾಯಿತು. ಇಳಿದ ಬಾಬಿನ ಮುಂದೆ, ಶಾಲೆಯ ಮಕ್ಕಳ ಪುಸ್ತಕದಲ್ಲಿ ಬರೆಯುವ ಅಭ್ಯಾಸದಿಂದ, ಕೆಂಪು ಶಾಯಿಯಲ್ಲಿ ‘ಭೇಷ್’ ಎಂದು ಬರೆಯುತ್ತಿದ್ದೆನು. ವೈಶಾಖದಲ್ಲಿ ಔಷಧದ ಬಾಬು ೧,೯೦೦ರಿಂದ ೧,೪೦೦ಕ್ಕೆ ಇಳಿದಿದ್ದಿತು. ಅದಕ್ಕೆ ಒಂದು ‘ಭೇಷ್’ ಬಿದ್ದಿತು. ಜ್ಯೇಷ್ಠದಲ್ಲಿ ಅದು ೯೫೦ಕ್ಕೆ ಇಳಿದಾಗ ನಾನು ‘ಬಹಳ ಭೇಷ್’ ಎಂದು ಬರೆದೆನು. ಏಕೆ ಇಳಿಯಿತೆಂದು ಕೇಳಲಿಲ್ಲ. ಮನೆಯಲ್ಲಿ ಎಲ್ಲರ ಆರೋಗ್ಯವೂ ಚೆನ್ನಾಗಿರಬೇಕು ಎಂದುಕೊಂಡೆನು.

ಆಷಾಢದ ಒಂದು ಬೆಳಿಗ್ಗೆ ನಮ್ಮ ತಾಯಿ ಬಚ್ಚಲಿನಿಂದ ಬರುವಾಗ ತಲೆ ಸುತ್ತಿ ಗೋಡೆಗೆ ಒರಗಿ ಕುಳಿತುಬಿಟ್ಟರು. ಸೋದರತ್ತೆ ಕೂಗಿಕೊಂಡರು. ವೈದ್ಯರು ಬಂದು ನೋಡಿದರೆ ರಕ್ತದೊತ್ತಡವು ಬಹಳ ಏರಿದ್ದಿತು. “ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಿದ್ದಾರೆಯೆ?” ಎಂದು ಅವರು ಕೇಳಿದರು. “ಅದಕ್ಕೇನು, ತಪ್ಪದೆ” ಎಂದು ನಾನೇ ಧೈರ್ಯವಾಗಿ ಉತ್ತರ ಕೊಟ್ಟೆನು. ನನ್ನ ಹೆಂಡತಿ ಮಾತನಾಡದೆ ಒಳಗೆ ಹೋಗಿ ತಾಯಿಯ ಡಬ್ಬಿಯನ್ನು ತಂದು ನನ್ನ ಮುಂದಿಟ್ಟಳು. ತಿಂಗಳ ಮೊದಲಲ್ಲಿ ತಂದ ಮಾತ್ರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹಾಗೆಯೇ ಇದ್ದುವು. ಹೊಸದನ್ನು ತರಲೆ ಎಂದು ಕೇಳಿದಾಗಲೆಲ್ಲಾ ‘ಇನ್ನೂ ಇವೆ’ ಎಂದು ತಾಯಿ ಹೇಳುತ್ತಿದ್ದರಂತೆ. ಅವರು ಮೊದಲು ದಿನ ಬಿಟ್ಟು ದಿನ, ಬಳಿಕ ಎರಡು ದಿನ ಬಿಟ್ಟು ಒಂದು ದಿನ ಮಾತ್ರೆ ತೆಗೆದುಕೊಳ್ಳುತ್ತಿದ್ದರು.

ಮಧ್ಯಾಹ್ನ ಅವರ ಹಾಸಿಗೆಯ ಬಳಿ ಕುಳಿತು, “ಹೀಗೇಕೆ ಮಾಡಿದೆ, ಅಮ್ಮಾ?” ಎಂದು ಕೇಳಿದೆನು.

“ಬಾಗಿಲ ಮೇಲೆ ಬರೆದಿದ್ದೆಯಲ್ಲೋ, ಮಗು. ಔಷಧದ ಖರ್ಚು ಇಳಿದರೆ ನಿನಗೆ ಸಂತೋಷ ಅಂತ ತಿಳಿಯಿತು. ಎಲ್ಲರೂ ಒಂದೊಂದು ಬಿಟ್ಟಿದ್ದಾರೆ. ನಾನು ಏನು ಬಿಡಲಿ? ನನ್ನ ಹೆಸರಿನ ಖರ್ಚು ಅಂತ ಇರುವುದು ಅದೊಂದೇ.”

ಅವರ ಮಾತಿನಲ್ಲಿ ಆಕ್ಷೇಪಣೆಯಿರಲಿಲ್ಲ. ಇದ್ದಿದ್ದರೆ ಅದನ್ನು ಸಹಿಸಿಕೊಳ್ಳುವುದು ನನಗೆ ಸುಲಭವಾಗುತ್ತಿದ್ದಿತು. ಎದ್ದುಹೋಗಿ ಬಾಗಿಲಿನ ಹಾಳೆಯನ್ನು ಹರಿದುಹಾಕಿದೆನು. ನನ್ನ ಹೆಂಡತಿ ಒಲೆಯ ಮುಂದೆ ನಿಂತಿದ್ದಳು. ಮೂವತ್ತು ವರುಷಗಳ ದಾಂಪತ್ಯದಲ್ಲಿ ಅವಳು ನನ್ನ ಲೆಕ್ಕದ ಮಾತಿಗೆ ಎದುರಾಡಿದವಳಲ್ಲ. ಆ ದಿನ ಹಿಂದಿರುಗಿ ನೋಡದೆಯೇ ಹೇಳಿದಳು: “ಸಾಸಿವೆಯನ್ನು ಬರೆಸಿದಿರಿ, ಕರಿಬೇವನ್ನು ಬರೆಸಿದಿರಿ. ಪುಸ್ತಕದಲ್ಲಿ ಕಾರು ಎಲ್ಲಿದೆ?”

ಕಾರು ಪುಸ್ತಕದಲ್ಲಿ ಇರಲಿಲ್ಲ.

ಅದರ ಕಥೆಯನ್ನು ಹೇಳಬೇಕು. ೨೦೨೧ರಲ್ಲಿ ಬಂಧುಗಳ ಮನೆಯ ಒಂದು ಮದುವೆಗೆ ಮಳೆಯಲ್ಲಿ ಬಸ್ಸಿನಿಂದಿಳಿದು ಹೋಗಿದ್ದೆನು. ಪಂಚೆಯ ಅಂಚಿಗೆ ಕೆಸರು ಹತ್ತಿದ್ದಿತು. ಚಪ್ಪರದ ಬಾಗಿಲಲ್ಲಿ ಒಬ್ಬರು, “ಮೇಷ್ಟ್ರು ಇನ್ನೂ ಬಸ್ಸಿನಲ್ಲಿಯೇ!” ಎಂದು ನಕ್ಕರು. ಅವರು ಬಹುಶಃ ಆ ಕ್ಷಣವೇ ಅದನ್ನು ಮರೆತಿರಬೇಕು. ನಾನು ಮರೆಯಲಿಲ್ಲ. ಆರು ತಿಂಗಳೊಳಗೆ ಸಾಲಮಾಡಿ ಕಾರನ್ನು ಕೊಂಡೆನು. ತಿಂಗಳಿಗೆ ೧೧,೮೦೦ ರೂಪಾಯಿಗಳ ಕಂತು ಬ್ಯಾಂಕಿನಲ್ಲಿ ತಾನಾಗಿಯೇ ಕಡಿದುಹೋಗುತ್ತಿದ್ದಿತು. ಪೆಟ್ರೋಲು, ವಿಮೆ, ರಿಪೇರಿ ಸೇರಿ ಇನ್ನೊಂದು ಐದು ಸಾವಿರದ ಇನ್ನೂರು. ಹಣವು ನನ್ನ ಕೈಯನ್ನು ಮುಟ್ಟದೆಯೇ ಹೋಗುತ್ತಿದ್ದುದರಿಂದ ಅದನ್ನು ಖರ್ಚೆಂದೇ ನಾನು ಭಾವಿಸಿರಲಿಲ್ಲ. ಪೂರ್ವಕಾಲದವರು ಗಂಟನ್ನು ಬಿಚ್ಚಿ, ನಾಣ್ಯವನ್ನು ಎಣಿಸಿ, ಮನಸ್ಸಿಲ್ಲದ ಮನಸ್ಸಿನಿಂದ ಕೊಡುತ್ತಿದ್ದರು. ಆ ಮನಸ್ಸಿಲ್ಲದಿರುವಿಕೆಯೇ ಒಂದು ದೊಡ್ಡ ಕಾವಲಾಗಿದ್ದಿತು. ಈಗ ಕಂತು ತಾನಾಗಿ ಕಡಿಯುತ್ತದೆ, ಮೊಬೈಲನ್ನು ತೋರಿಸಿದರೆ ಅಂಗಡಿಯವನಿಗೆ ಹಣ ಸೇರುತ್ತದೆ. ಕಾವಲುಗಾರನಿಗೆ ಕೆಲಸವೇ ಇಲ್ಲ.

ನಮ್ಮ ಮೈಸೂರಿನ ಪಂಡಿತ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚುಮಾಡಿಸಿ ಲೋಕಕ್ಕೆ ತೋರಿಸಿಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಅಧಿಕಾರಿಗಳು ರಾಜನ ಹಣವನ್ನು ಅಪಹರಿಸುವ ಉಪಾಯಗಳು ನಲವತ್ತೆಂದು ಎಣಿಸಿದೆ. ಅವುಗಳಲ್ಲಿ ಬಹಳಷ್ಟು ಲೆಕ್ಕವನ್ನು ಬರೆಯುವ ರೀತಿಗೆ ಸಂಬಂಧಪಟ್ಟುವು. ಮನೆಯ ಯಜಮಾನನು ಎಲ್ಲರ ಖರ್ಚನ್ನೂ ಬರೆಸಿ ತನ್ನದನ್ನು ಮಾತ್ರ ಬಿಡುವ ಉಪಾಯವು ಆ ಸಾಲಿಗೆ ಸೇರತಕ್ಕದ್ದೇ ಸರಿ. ವ್ಯತ್ಯಾಸವಿಷ್ಟೆ: ಕೌಟಿಲ್ಯನ ಅಧಿಕಾರಿಗೆ ತಾನು ಕಳ್ಳನೆಂದು ಗೊತ್ತಿರುತ್ತಿದ್ದಿತು, ನನಗೆ ಗೊತ್ತಿರಲಿಲ್ಲ.

ಆ ಸಂಜೆ ಸೋದರತ್ತೆ ನನ್ನನ್ನು ಕರೆದು ಹತ್ತಿರ ಕೂರಿಸಿಕೊಂಡರು. “ನಿನಗೆ ನಮ್ಮಪ್ಪನ ಲೆಕ್ಕ ನೆನಪಿದೆಯೇನೋ?” ಎಂದರು. ಅವರ ತಂದೆ, ಎಂದರೆ ನನ್ನ ತಾತ, ಹಳ್ಳಿಯ ಶಾಲೆಯ ಮೇಷ್ಟ್ರು. ನಾನು ಎಂಟು ಹತ್ತು ವರುಷದ ಹುಡುಗನಾಗಿದ್ದಾಗ ಅವರು ದಿನವೂ ದೀಪ ಹಚ್ಚಿದ ಮೇಲೆ ನಡುಮನೆಯಲ್ಲಿ ಕುಳಿತು ಆ ದಿನದ ಖರ್ಚನ್ನು ಗಟ್ಟಿಯಾಗಿ ಓದುತ್ತಿದ್ದುದು ನನಗೆ ನೆನಪಿದ್ದಿತು. ಮುದುಕರ ವಿಚಿತ್ರಾಭ್ಯಾಸಗಳಲ್ಲಿ ಅದೂ ಒಂದೆಂದು ನಾವು ಮಕ್ಕಳು ನಗುತ್ತಿದ್ದೆವು. ಸೋದರತ್ತೆ ತಮ್ಮ ಪೆಟ್ಟಿಗೆಯ ತಳದಿಂದ ಒಂದು ಹಳೆಯ ಪುಸ್ತಕವನ್ನು ತೆಗೆದುಕೊಟ್ಟರು. ೧೯೪೩ರದು. ಅದು ಯುದ್ಧದ ಕಾಲ. ಬರ್ಮವು ಜಪಾನಿಯರ ವಶವಾಗಿ ಅಲ್ಲಿನ ಅಕ್ಕಿ ಭಾರತಕ್ಕೆ ಬರುವುದು ನಿಂತುಹೋಗಿದ್ದ ಕಾಲ. ಪುಟಪುಟದಲ್ಲಿಯೂ ರೂಪಾಯಿ, ಆಣೆ, ಪೈಗಳ ಮೂರು ಕಂಬಸಾಲು. ಆಗ ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ. ನೂರು ಪೈಸೆಯ ರೂಪಾಯಿ ಬಂದುದು ೧೯೫೭ರಲ್ಲಿ. ಉಪ್ಪು, ಬೆಲ್ಲ, ಸೀಮೆಎಣ್ಣೆ, ಮಗುವಿಗೆ ಸ್ಲೇಟು, ಭಿಕ್ಷೆ. ಆದರೆ ಪ್ರತಿ ದಿನದ ಮೊದಲ ಸಾಲಿನಲ್ಲಿಯೂ ಒಂದೇ ಬಾಬು: ‘ನಶ್ಯ ೦–೦–೩.’

“ಅಪ್ಪ ಮೊದಲು ತಮ್ಮ ನಶ್ಯದ ದುಡ್ಡು ಓದುತ್ತಿದ್ದರು ಕಣೋ” ಎಂದರು ಸೋದರತ್ತೆ. “ಅದು ಆದ ಮೇಲೆ ನಮ್ಮದು. ಅವರು ತಮ್ಮದನ್ನು ಓದಿದ ಮೇಲೆ ನಮಗೆ ನಮ್ಮದನ್ನು ಹೇಳಲು ನಾಚಿಕೆಯೇ ಆಗುತ್ತಿರಲಿಲ್ಲ.”

ಅದರ ಮುಂದಿನ ಭಾನುವಾರ ರಾತ್ರಿ, ಊಟವಾದ ಮೇಲೆ, ಹದಿಮೂರು ಮಂದಿಯೂ ನಡುಮನೆಯಲ್ಲಿ ಸೇರಿದೆವು. ಮಕ್ಕಳು ಬೇಡವೆಂದು ತಮ್ಮನು ಹೇಳಿದನು. ಸೋದರತ್ತೆ, “ತಿನ್ನುವಾಗ ಇರುತ್ತಾರೆ, ಲೆಕ್ಕಕ್ಕೂ ಇರಲಿ” ಎಂದರು. ನಾನು ಪುಸ್ತಕವನ್ನು ತೆರೆದು ಮೊದಲು ಕಾರಿನ ಕಂತನ್ನು ಓದಿದೆನು. ಅದನ್ನು ಕೊಂಡ ಕಾರಣವನ್ನೂ, ಪಂಚೆಯ ಕೆಸರನ್ನೂ ಬಿಡದೆ, ಹೇಳಿದೆನು. ಅನಂತರ ಮದುವೆ ಮುಂಜಿಗಳಲ್ಲಿ ನಾನು ಮಾಡುತ್ತಿದ್ದ ಮುಯ್ಯಿ ಉಡುಗೊರೆಗಳನ್ನೂ, ಸಭೆ ಸಮಾರಂಭಗಳಲ್ಲಿ ನಾಲ್ವರ ಮುಂದೆ ಬರೆಸುತ್ತಿದ್ದ ದೇಣಿಗೆಗಳನ್ನೂ ಓದಿದೆನು. ಸರಾಸರಿ ತಿಂಗಳಿಗೆ ಆರು ಸಾವಿರವಾಗಿದ್ದಿತು.

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಬಳಿಕ ಎರಡನೆಯ ತಮ್ಮನು ತಲೆ ತಗ್ಗಿಸಿಕೊಂಡು, “ಅಣ್ಣ, ನನ್ನ ಕಾರ್ಡಿನ ಮೇಲೆ ೧,೮೦,೦೦೦ ಇದೆ” ಎಂದನು. ಅವನ ಹೆಂಡತಿಯೂ ಆ ಮೊತ್ತವನ್ನು ಆಗಲೇ ಮೊದಲು ಕೇಳಿದುದು. ತಿಂಗಳಿಗೆ ನೂರಕ್ಕೆ ಮೂರೂವರೆ ಬಡ್ಡಿ. ಕನಿಷ್ಠ ಪಾವತಿಯೆಂದು ಅವನು ಕಟ್ಟುತ್ತಿದ್ದ ೯,೦೦೦ದಲ್ಲಿ ೬,೩೦೦ ಬಡ್ಡಿಗೆ, ೧,೧೩೪ ಆ ಬಡ್ಡಿಯ ಮೇಲಣ ತೆರಿಗೆಗೆ ಹೋಗಿ, ಅಸಲಿಗೆ ಸೇರುತ್ತಿದ್ದುದು ೧,೫೬೬ ಮಾತ್ರ. ಕಚೇರಿಯಲ್ಲಿ ಪರರ ಲೆಕ್ಕವನ್ನು ತಿದ್ದುವವನು ತನ್ನದನ್ನು ನೋಡಲು ಹೆದರಿ ಎರಡು ವರುಷ ಕಣ್ಣುಮುಚ್ಚಿಕೊಂಡಿದ್ದನು. ಅವನಾದ ಮೇಲೆ ಕಿರಿಯವನು, ಅಂಗಡಿಗೆಂದು ಖಾಸಗಿಯವರಲ್ಲಿ ತಂದಿದ್ದ ಎರಡು ಲಕ್ಷದ ಮಾತನ್ನು ಹೊರಗೆಡಹಿದನು. ಅದಕ್ಕೆ ತಿಂಗಳಿಗೆ ನಾಲ್ಕು ಸಾವಿರ ಬಡ್ಡಿ. ಕಾರಿಗೆ ೧೭,೦೦೦, ಮುಯ್ಯಿಗೆ ೬,೦೦೦, ಕಾರ್ಡಿಗೆ ೯,೦೦೦, ಖಾಸಗಿ ಬಡ್ಡಿಗೆ ೪,೦೦೦. ಒಟ್ಟು ಮೂವತ್ತಾರು ಸಾವಿರ. ಚೈತ್ರದಿಂದ ನಾನು ಸಾಸಿವೆಯ ಡಬ್ಬಿಯಲ್ಲಿ ಹುಡುಕುತ್ತಿದ್ದ ಅಂತರವು ಮೂವರು ಗಂಡಸರ ಜೇಬಿನಲ್ಲಿದ್ದಿತು.

ಮುಂದಿನ ಕೆಲಸವು, ಆಶ್ಚರ್ಯವೆಂದರೆ, ಅಷ್ಟು ಕಷ್ಟವಾಗಲಿಲ್ಲ. ಶ್ರಾವಣದಲ್ಲಿ ಕಾರನ್ನು ಮಾರಿದೆವು. ಉಳಿದಿದ್ದ ಸಾಲ ತೀರಿ ಇಪ್ಪತ್ತೈದು ಸಾವಿರ ಕೈಗೆ ಬಂದಿತು. ಬಸ್ಸಿಗೂ, ತಾಯಿಯನ್ನು ಕರೆದೊಯ್ಯುವ ಆಟೋವಿಗೂ ತಿಂಗಳಿಗೆ ಎರಡೂವರೆ ಸಾವಿರ ಸಾಕಾಯಿತು. ಕಾರ್ಡಿನ ಸಾಲವನ್ನು ತೀರಿಸಲು ನಾನು ನಮ್ಮ ಉಪಾಧ್ಯಾಯರ ಸಹಕಾರ ಸಂಘದಲ್ಲಿ ವರುಷಕ್ಕೆ ನೂರಕ್ಕೆ ಹನ್ನೆರಡರ ಬಡ್ಡಿಯಲ್ಲಿ ಸಾಲ ತೆಗೆದೆನು. ಕಂತು ತಿಂಗಳಿಗೆ ಸುಮಾರು ೮,೫೦೦. ಮೊದಲು ಕಟ್ಟುತ್ತಿದ್ದುದಕ್ಕಿಂತ ಬಹಳ ಕಡಮೆಯೇನಲ್ಲ. ಆದರೆ ಇದು ಎರಡು ವರುಷಕ್ಕೆ ಮುಗಿಯುವ ಸಾಲ, ಅದು ಮುಗಿಯದ ಸಾಲ. ೧೯೦೫ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದುದನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ರೈತನಿಗೆ ಲೇವಾದೇವಿಯವನ ಬಡ್ಡಿಯಿಂದ ಬಿಡುಗಡೆಯಾಗಬೇಕೆಂಬ ಉದ್ದೇಶದಿಂದ ಹುಟ್ಟಿದ ಆ ಮಾರ್ಗವು, ಪ್ಲಾಸ್ಟಿಕ್ಕಿನ ಕಾರ್ಡಿನಲ್ಲಿ ಅಡಗಿದ ಲೇವಾದೇವಿಯಿಂದಲೂ ಬಿಡಿಸಬಲ್ಲುದೆಂಬುದು ನನ್ನ ಮನೆಯಲ್ಲಿಯೇ ತಿಳಿಯಬೇಕಾಗಿದ್ದಿತು.

ಕಿರಿಯವನ ಸಾಲಕ್ಕಾಗಿ ಅವನ ಹೆಂಡತಿ ತನ್ನ ಒಂದು ಸರವನ್ನು ತಂದಿಟ್ಟಳು. ಗಿರವಿಯಿಡುವ ಮಾತು ಬಂದಾಗ ಅವಳು, “ಬೇಡಿ ಭಾವ, ಮಾರಿಬಿಡೋಣ. ಗಿರವಿಯಿಟ್ಟರೆ ಸರವೂ ನಮ್ಮದಲ್ಲ, ಸಾಲವೂ ಹೋಗುವುದಿಲ್ಲ” ಎಂದಳು. ಅವಳ ಕಣ್ಣಿನಲ್ಲಿ ನೀರಿದ್ದಿತು. ಆದರೆ ಲೆಕ್ಕವು ಸರಿಯಾಗಿದ್ದಿತು. ಮುಯ್ಯಿಯನ್ನು ತಿಂಗಳಿಗೆ ಎರಡು ಸಾವಿರಕ್ಕೆ ನಿಲ್ಲಿಸಿದೆವು. ಮಕ್ಕಳು ತಾವಾಗಿಯೇ ಮೊಬೈಲುಗಳ ವಿಚಾರವನ್ನು ಎತ್ತಿದರು. ಹದಿಮೂರು ಮಂದಿಯ ಮನೆಯಲ್ಲಿ ಹನ್ನೊಂದು ಮೊಬೈಲುಗಳಿದ್ದುವು. ಇಪ್ಪತ್ತೆಂಟು ದಿನಕ್ಕೊಮ್ಮೆ ರೀಚಾರ್ಜು ಮಾಡಿಸಿದರೆ ವರುಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ಹಣ ಕೊಟ್ಟಂತಾಗುತ್ತದೆಂದು ಏಳನೆಯ ತರಗತಿಯ ಹುಡುಗಿಯೊಬ್ಬಳು ಗಣಿತದ ಮೇಷ್ಟ್ರಾದ ನನಗೆ ತೋರಿಸಿಕೊಟ್ಟಳು. ಅದರಲ್ಲಿ ತಿಂಗಳಿಗೆ ಸಾವಿರದ ಮೇಲೆ ಉಳಿಯಿತು.

ತಾಯಿಯ ಔಷಧವನ್ನು ಎಂದಿನಂತೆ ಪೂರ್ಣವಾಗಿ ತರಲಾರಂಭಿಸಿದೆವು. ವೈದ್ಯರನ್ನು ವಿಚಾರಿಸಿ, ಅವರು ಒಪ್ಪಿದ ಮೇಲೆ, ಅದೇ ಔಷಧವನ್ನು ಜನೌಷಧಿ ಕೇಂದ್ರದಿಂದ ಕೊಂಡೆವು. ಅಲ್ಲಿ ಬೆಲೆಯು ನಾವು ಕೊಡುತ್ತಿದ್ದುದರ ಅರ್ಧಕ್ಕಿಂತಲೂ ಕಡಮೆಯಾಗಿದ್ದಿತು. ಒಂದು ಮಾತ್ರೆಯನ್ನೂ ಬಿಡದೆ ಉಳಿಸುವ ದಾರಿಯೊಂದು ಮೊದಲಿನಿಂದಲೂ ಇದ್ದಿತು. ಏಕೆ ಇಳಿಯಿತೆಂದು ಒಂದು ಪ್ರಶ್ನೆಯನ್ನು ಕೇಳಿದ್ದರೆ ಅದು ಅಂದೇ ಸಿಕ್ಕುತ್ತಿದ್ದಿತು.

ಹಾಲು ಮತ್ತೆ ಐದು ಲೀಟರಿಗೆ ಏರಿತು. ಕಾಫಿಯಲ್ಲಿ ಚಿಕರಿ ಇಳಿಯಿತು. ಅಳತೆಯ ಸೌಟನ್ನು ನನ್ನ ಹೆಂಡತಿ ಎಲ್ಲಿಯೋ ಒಳಗಿಟ್ಟಳು, ನಾನು ಕೇಳಲಿಲ್ಲ. ಹಂಡೆ ಮಾತ್ರ ಉಳಿಯಿತು, ಅದರ ನೀರು ಎಲ್ಲರಿಗೂ ಹಿತವಾದುದರಿಂದ. ಹೀಗೆ ಅಡುಗೆಮನೆಯ ಖರ್ಚು ಹೆಚ್ಚುಕಡಮೆ ಮೊದಲಿನಷ್ಟೇ ಆದರೂ, ಮಾರ್ಗಶಿರದ ಲೆಕ್ಕದಲ್ಲಿ ಐದು ಸಾವಿರಕ್ಕೆ ಮೇಲೆ ಉಳಿಯಿತು. ಆ ಸಂಸಾರದಲ್ಲಿ ತಿಂಗಳ ಕೊನೆಗೆ ಹಣವುಳಿದುದನ್ನು ನಾನು ಎಷ್ಟು ವರುಷಗಳ ಬಳಿಕ ಕಂಡೆನೋ ಹೇಳಲಾರೆ.

ಎಲ್ಲವೂ ಸುಖವಾಗಿ ಮುಗಿಯಿತೆಂದು ವಾಚಕರು ತಿಳಿಯಬಾರದು. ತಾಯಿಗೆ ಅಂದಿನಿಂದ ಒಬ್ಬರೇ ಬಚ್ಚಲಿಗೆ ಹೋಗಲು ಧೈರ್ಯವಿಲ್ಲ. ಯಾರಾದರೂ ಕೈ ಹಿಡಿಯಬೇಕು. ಆ ಮೂರು ತಿಂಗಳ ‘ಭೇಷ್’ಗಳ ಬೆಲೆಯನ್ನು ಯಾವ ಕಂಬಸಾಲಿನಲ್ಲಿ ಬರೆಯಬೇಕೆಂಬುದು ನನಗೆ ತಿಳಿಯದು. ದೊಡ್ಡ ಸಂಸಾರದಲ್ಲಿ ಮಿತವ್ಯಯದ ಮಾತನ್ನು ಮೇಲಿನವರು ಆಡಿದರೆ, ಅದನ್ನು ಮೊದಲು ಕೇಳಿಸಿಕೊಳ್ಳುವವರು ಎಲ್ಲರಿಗಿಂತ ಕಡಮೆ ಖರ್ಚುಮಾಡುವವರೇ. ಅವರ ಬಳಿ ಬಿಡುವುದಕ್ಕೆ ಮಿಕ್ಕಿರುವುದು ಅತ್ಯಂತ ಅಗತ್ಯವಾದುದು ಮಾತ್ರ. ಅದನ್ನು ಅವರು ಸದ್ದಿಲ್ಲದೆ ಬಿಟ್ಟುಬಿಡುತ್ತಾರೆ. ಕಡಿಮೆಮಾಡುವ ಕೆಲಸವು ಮನೆಯ ಯಜಮಾನನ ಬಾಬಿನಿಂದ ಮೊದಲಾಗಬೇಕು, ಎಲ್ಲರ ಕಿವಿಗೂ ಬೀಳುವಂತೆ ಮೊದಲಾಗಬೇಕು ಎಂಬುದು ನನ್ನ ತಾತನಿಗೆ ಮೂರು ಪೈ ನಶ್ಯದಿಂದ ತಿಳಿದಿದ್ದಿತು. ನನಗೆ ನನ್ನ ತಾಯಿಯ ಮಾತ್ರೆಗಳಿಂದ ತಿಳಿಯಿತು.

ಈಗ ಪ್ರತಿ ತಿಂಗಳ ಮೊದಲ ಭಾನುವಾರ ರಾತ್ರಿ ನಮ್ಮ ನಡುಮನೆಯಲ್ಲಿ ಲೆಕ್ಕವನ್ನು ಓದುತ್ತೇವೆ. ತಾಯಿ ಗೋಡೆಗೆ ಒರಗಿ ಕುಳಿತು ಕೇಳುತ್ತಾರೆ. ಔಷಧದ ಬಾಬು ಬಂದಾಗ ಚಿಕ್ಕ ಹುಡುಗನೊಬ್ಬನು ಓಡಿಹೋಗಿ ಡಬ್ಬಿಯನ್ನು ತಂದು ಮಾತ್ರೆಗಳನ್ನು ಎಣಿಸಿ, “ಸರಿಯಿದೆ, ದೊಡ್ಡಪ್ಪ” ಎನ್ನುತ್ತಾನೆ. ಕಳೆದ ಸಲ ನನ್ನ ಬಾಬುಗಳನ್ನು ಓದುವಾಗ ಈ ಮಾಸಪತ್ರಿಕೆಯ ಚಂದಾಹಣದ ಸರದಿ ಬಂದಿತು. ಇದು ಅಗತ್ಯವೇ ಎಂದು ಎರಡನೆಯ ತಮ್ಮನ ಮಗನು ಕೇಳಿದನು. ಕೇಳುವುದಕ್ಕೆ ಅವನಿಗೆ ಹಕ್ಕಿದ್ದುದರಿಂದ ನಾನು ಸುಮ್ಮನೆ ಕುಳಿತೆನು. “ಇರಲಿ ಬಿಡೋ, ಮಧ್ಯಾಹ್ನ ನನಗೂ ನಿನ್ನ ಅಜ್ಜಿಗೂ ಓದುವುದಕ್ಕೆ ಬೇಕು” ಎಂದು ಸೋದರತ್ತೆ ಹೇಳಿದರು. ಬಾಬು ಉಳಿಯಿತು. ಆದರೆ ಅದರ ಮುಂದೆ, ‘ಬರುವ ವರುಷ ಮತ್ತೆ ವಿಚಾರಿಸತಕ್ಕದ್ದು’ ಎಂದು ಆ ಹುಡುಗನ ಕೈಬರಹದಲ್ಲಿ ಒಂದು ಷರಾ ಬಿದ್ದಿದೆ. ಸಂಪಾದಕರು ಕ್ಷಮಿಸಬೇಕು.